ಬಯಲಿನಲ್ಲಿ ನಿಂತ ಶಿಲೆ: ಅಕ್ಷರಗುಂಡಿನಿಂದ ಮಾನಸ್ತಂಭದವರೆಗೆ

ಬಸದಿಯ ಗರ್ಭಗೃಹದಲ್ಲಿ ವಿರಾಜಮಾನವಾದ ಜಿನಬಿಂಬವು ಮಿಂದು ಮಡಿಯುಟ್ಟು ಬಂದ ಶ್ರಾವಕ-ಶ್ರಾವಿಕೆಯರ ಪೂಜೆಯನ್ನು ಸ್ವೀಕರಿಸುತ್ತದೆ. ಆದರೆ ಅದೇ ಬಸದಿಯ ಮುಂದೆ ಬಿಸಿಲು ಮಳೆಗಳನ್ನು ಸಹಿಸಿ ನಿಲ್ಲುವ ಮಾನಸ್ತಂಭವು ಬಾಗಿಲೊಳಗೆ ಬಂದವರಿಗಷ್ಟೇ ಸೇರಿದುದಲ್ಲ. ಸಂತೆಗೆ ಹೊರಟ ರೈತನಿಗೂ, ಕುರಿ ಅಟ್ಟಿಕೊಂಡು ಹೋಗುವ ಹುಡುಗನಿಗೂ, ಅನ್ಯಮತೀಯನಾದ ದಾರಿಹೋಕನಿಗೂ ಅದು ಸಮಾನವಾಗಿ ದರ್ಶನವೀಯುತ್ತದೆ. ಹೀಗೆ ಸರ್ವರ ಕಣ್ಣಿಗೆ ಬೀಳುವಂತೆ ಊರ ಬಯಲಿನಲ್ಲಿ ಶಿಲೆಯನ್ನು ನಿಲ್ಲಿಸುವ ಪದ್ಧತಿ ಕನ್ನಡ ನಾಡಿನಲ್ಲಿ ಎರಡು ಸಾವಿರ ವರ್ಷಗಳಿಗೂ ಹಳೆಯದು. ಅದನ್ನು ಯಾರು ಮಾಡಿಸಿದರು, ಯಾರು ಮಾಡಿದರು, ಯಾರು ಕಾಪಾಡಿದರು ಎಂಬುದನ್ನು ಪ್ರತಿಷ್ಠಾ ಮಹೋತ್ಸವದ ಈ ಶುಭ ಸಂದರ್ಭದಲ್ಲಿ ಸ್ಮರಿಸುವುದು ಉಚಿತವಾಗಿದೆ.

ಚಿನ್ನಹಗರಿಯ ದಡದ ಬಂಡೆಗಳು

ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ಮಳೆ ಕಡಿಮೆಯಿರುವ, ಬಂಡೆಗಳೇ ಹೆಚ್ಚಾಗಿರುವ ಸೀಮೆ. ಕಡಲೆಕಾಯಿ ಎಣ್ಣೆಯ ವ್ಯಾಪಾರದಿಂದ ಚಳ್ಳಕೆರೆಯೂ, ರೇಷ್ಮೆ ಸೀರೆಯಿಂದ ಮೊಳಕಾಲ್ಮೂರೂ ಹೆಸರು ಪಡೆದಿವೆ. ಆದರೆ ಚರಿತ್ರೆಯ ದೃಷ್ಟಿಯಿಂದ ಈ ಸೀಮೆಯ ನಿಜವಾದ ಸಂಪತ್ತು ಇಲ್ಲಿಯ ಕಲ್ಲು. 1892ರಲ್ಲಿ ಬಿ. ಎಲ್. ರೈಸ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರ ಬೆಟ್ಟಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಪತ್ತೆಹಚ್ಚಿದರು. ಕ್ರಿಸ್ತಪೂರ್ವ 3ನೆಯ ಶತಮಾನದ ಈ ಬರಹಗಳು ಕರ್ನಾಟಕದ ಅತ್ಯಂತ ಪ್ರಾಚೀನ ಶಾಸನಗಳ ಸಾಲಿಗೆ ಸೇರಿವೆ. ಬಳಿಕ ಡಾ. ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಬ್ರಹ್ಮಗಿರಿಯಲ್ಲಿ ಉತ್ಖನನ ನಡೆಸಿ, ಇಲ್ಲಿ ಶಿಲಾಯುಗದಿಂದಲೂ ಜನ ನೆಲಸಿದ್ದರೆಂಬುದನ್ನು ತೋರಿಸಿಕೊಟ್ಟರು.

ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲ ಎಂಬ ಪಟ್ಟಣದ ಮಹಾಮಾತ್ರರ ಕ್ಷೇಮವನ್ನು ವಿಚಾರಿಸಿ, ರಾಜಾಜ್ಞೆಯನ್ನು ತಿಳಿಸುವ ಕ್ರಮದಲ್ಲಿ ಈ ಶಾಸನ ಆರಂಭವಾಗುತ್ತದೆ. ತಂದೆ ತಾಯಿಗಳ ಶುಶ್ರೂಷೆ ಮಾಡಬೇಕು, ಜೀವಿಗಳಲ್ಲಿ ದಯೆಯಿರಬೇಕು, ಸತ್ಯವನ್ನು ನುಡಿಯಬೇಕು, ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು ಎಂಬುದು ಅದರ ಉಪದೇಶದ ಸಾರ. ಅಶೋಕನು ಬೌದ್ಧ ಧರ್ಮವನ್ನು ಅವಲಂಬಿಸಿದ್ದರೂ ಈ ಮಾತುಗಳು ಯಾವುದೇ ಒಂದು ಮತದವರಿಗಾಗಿ ಕೊರೆಸಿದವಲ್ಲ. ಅವನ ಪಿತಾಮಹನಾದ ಚಂದ್ರಗುಪ್ತ ಮೌರ್ಯನು ಶ್ರುತಕೇವಲಿ ಭದ್ರಬಾಹು ಸ್ವಾಮಿಗಳೊಡನೆ ಕಟವಪ್ರಕ್ಕೆ ಬಂದು ಸಲ್ಲೇಖನದಿಂದ ದೇಹತ್ಯಾಗ ಮಾಡಿದನೆಂಬ ಜೈನ ಪರಂಪರೆಯ ಕಥನವನ್ನು ಬಲ್ಲವರಿಗೆ, ಮೊಮ್ಮಗನ ಜೀವದಯೆಯ ಮಾತು ಇದೇ ನಾಡಿನ ಬಂಡೆಯ ಮೇಲೆ ಉಳಿದುಬಂದಿರುವುದು ವಿಶೇಷವಾಗಿ ತೋರದಿರದು.

ಇಲ್ಲಿ ಗಮನಿಸತಕ್ಕ ಸಂಗತಿ ಇನ್ನೊಂದಿದೆ. ಬ್ರಾಹ್ಮೀ ಲಿಪಿಯ ಈ ಶಾಸನವನ್ನು ಬರೆದ ಚಪಡ ಎಂಬ ಲಿಪಿಕಾರನು ಕೊನೆಯಲ್ಲಿ ತನ್ನ ಹೆಸರನ್ನು ಕಾಣಿಸಿದ್ದಾನೆ. ಲಿಪಿಕಾರನೆಂಬ ಕಡೆಯ ಪದವನ್ನು ಮಾತ್ರ ವಾಯವ್ಯ ಭಾರತದಲ್ಲಿ ಬಳಕೆಯಲ್ಲಿದ್ದ, ಬಲದಿಂದ ಎಡಕ್ಕೆ ಓದುವ ಖರೋಷ್ಠೀ ಲಿಪಿಯಲ್ಲಿ ಬರೆದಿದ್ದಾನೆ. ಸುತ್ತಲಿನ ಜನರಿಗೆ ಓದಲು ಬಾರದ ಲಿಪಿಯಲ್ಲಾದರೂ ತನ್ನ ಗುರುತನ್ನು ಕಲ್ಲಿನಲ್ಲಿ ಬಿಟ್ಟುಹೋದ ಆತನಿಂದ, ಕೆಲಸಗಾರನೊಬ್ಬನ ಹೆಸರು ಈ ನೆಲದಲ್ಲಿ ಚಕ್ರವರ್ತಿಯ ಆಜ್ಞೆಯಷ್ಟೇ ಕಾಲ ಬಾಳಿದೆ.

ಬರಹದ ಅರ್ಥ ಮರೆತುಹೋದ ಮೇಲೂ ಜನರು ಈ ಬಂಡೆಗಳನ್ನು ಕೈಬಿಡಲಿಲ್ಲ. ಬ್ರಹ್ಮಗಿರಿಯದನ್ನು ‘ಅಕ್ಷರಗುಂಡು’ ಎಂದು ಕರೆದರು. ಅದನ್ನು ತೊಳೆದ ನೀರು ಔಷಧವೆಂಬ ನಂಬಿಕೆಯೂ ಜನರಲ್ಲಿತ್ತು. ಸಿದ್ದಾಪುರದ ಬಂಡೆ ‘ಎಮ್ಮೆ ತಮ್ಮನ ಗುಂಡು’ ಎನಿಸಿತು. ಜಟಿಂಗ ರಾಮೇಶ್ವರದಲ್ಲಿ ಜಾತ್ರೆಯ ಕಾಲಕ್ಕೆ ಬಳೆಗಾರರು ಅಂಗಡಿ ಹೂಡುತ್ತಿದ್ದ ಕಾರಣ ಅಲ್ಲಿಯದು ‘ಬಳೆಗಾರ ಗುಂಡು’ ಆಯಿತು. ಈ ಮೂರರಲ್ಲಿ ಜಟಿಂಗ ರಾಮೇಶ್ವರದ ಶಾಸನವೇ ಬಹಳವಾಗಿ ಸವೆದುಹೋಗಿದೆ. ಜನರ ನಡುವೆ ಇರುವ ಶಿಲೆಗೆ ಜನರೇ ರಕ್ಷಕರು, ಜನರೇ ಭಕ್ಷಕರು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

ವೀರಗಲ್ಲು ಮತ್ತು ನಿಸಿದಿ

ಅಶೋಕನ ತರುವಾಯದ ಶತಮಾನಗಳಲ್ಲಿ ಬಯಲಿನ ಶಿಲೆಯು ಅರಸರ ಆಜ್ಞೆಯಾಗಿ ಮಾತ್ರ ಉಳಿಯದೆ ಊರವರ ಸ್ಮರಣೆಯೂ ಆಯಿತು. ದನಕರುಗಳೇ ಜೀವನಾಧಾರವಾಗಿದ್ದ ನಾಡಿನಲ್ಲಿ ತುರುಗಳನ್ನು ಹಿಂದಿರುಗಿಸಲು ಹೋಗಿ ಮಡಿದವನಿಗೆ ವೀರಗಲ್ಲು ನಿಂತಿತು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರೊಡನೆ ಊರ್ಧ್ವಗಮನ, ಮೇಲೆ ದೇವಸನ್ನಿಧಿ ಎಂಬ ಕ್ರಮ ಅಕ್ಷರ ಬಾರದವನಿಗೂ ಅರ್ಥವಾಗುತ್ತಿತ್ತು. ಜೈನರು ಇದೇ ಮಾದರಿಯನ್ನು ಅಹಿಂಸೆಯ ದಾರಿಗೆ ತಿರುಗಿಸಿಕೊಂಡರು. ಸಮಾಧಿಮರಣವನ್ನು ಪಡೆದ ಮುನಿಗಳು, ಆರ್ಯಿಕೆಯರು, ಶ್ರಾವಕ-ಶ್ರಾವಿಕೆಯರ ನೆನಪಿಗೆ ನಿಸಿದಿಗಳು ಎದ್ದವು. ಅವುಗಳಲ್ಲಿ ಕತ್ತಿಯ ಸ್ಥಳದಲ್ಲಿ ವ್ಯಾಸಪೀಠವಿದೆ, ಕಾಳಗದ ಸ್ಥಳದಲ್ಲಿ ಗುರೂಪದೇಶವಿದೆ. ಶ್ರವಣಬೆಳಗೊಳದ ಚಂದ್ರಗಿರಿಯ ಕುಗೆ ಬ್ರಹ್ಮದೇವರ ಕಂಬವು ಗಂಗರಾಜ ಮಾರಸಿಂಹನ ನೆನಪನ್ನು ಹೊತ್ತು ನಿಂತಿದೆ. ಆತನು 974ರಲ್ಲಿ ದೇಹತ್ಯಾಗ ಮಾಡಿದನು. ರಣರಂಗದಲ್ಲಿ ಗೆದ್ದವನು ಕಡೆಗೆ ತನ್ನನ್ನೇ ಗೆದ್ದನೆಂಬ ಮಾತನ್ನು ಆ ಕಂಬ ಸಾರುತ್ತದೆ.

ನಿಡುಗಲ್ಲು ಸೀಮೆಯ ವರ್ತಕನ ಅಡಕೆ ತೋಟ

ಚಿತ್ರದುರ್ಗ ಸೀಮೆಯು ಹಿಂದೆ ನೊಳಂಬವಾಡಿಗೆ ಸೇರಿತ್ತು. ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಉಳಿದಿದೆ. ಚಳ್ಳಕೆರೆಯ ನೆರೆಯ ಪಾವಗಡ ತಾಲ್ಲೂಕಿನ ನಿಡುಗಲ್ಲು ಬೆಟ್ಟದಲ್ಲಿ ಇರುಂಗೋಳ ಅರಸನ ಆಳ್ವಿಕೆಯಲ್ಲಿ, 1232ರಲ್ಲಿ, ಗಂಗೇಯನ ಮಾರೆಯನು ಪಾರ್ಶ್ವಜಿನ ಬಸದಿಯನ್ನು ಕಟ್ಟಿಸಿದನು.

ಈ ಲೇಖನದ ವಿಷಯಕ್ಕೆ ಅತಿ ಮುಖ್ಯವಾದ ಶಾಸನವು ಅದೇ ನಿಡುಗಲ್ಲು ಅರಸರ ಸೀಮೆಯಲ್ಲಿ, ಈಗ ಆಂಧ್ರಪ್ರದೇಶಕ್ಕೆ ಸೇರಿರುವ ಮಡಕಶಿರಾ ಪ್ರದೇಶದ ಅಮರಾಪುರದಲ್ಲಿದೆ. 1278ರ ಆ ಕನ್ನಡ ಶಾಸನದಲ್ಲಿ ಬಾಲೇಂದು ಮಲಧಾರಿ ದೇವರ ಶಿಷ್ಯನಾದ ಮಲ್ಲಿಸೆಟ್ಟಿಯು ತೈಲಂಗೆರೆಯ ಬ್ರಹ್ಮಜಿನಾಲಯದ ಪ್ರಸನ್ನ ಪಾರ್ಶ್ವದೇವರಿಗೆ 2,000 ಅಡಕೆ ಮರಗಳನ್ನು ದತ್ತಿಯಾಗಿ ಬಿಟ್ಟ ಸಂಗತಿಯಿದೆ. ಆ ಮರಗಳ ಆದಾಯದಿಂದ ಬಸದಿಯನ್ನು ತಳಪಾಯದಿಂದ ಕಳಸದವರೆಗೆ ಕಲ್ಲಿನಲ್ಲಿ ಕಟ್ಟತಕ್ಕದ್ದೆಂದು ಗೊತ್ತುಪಡಿಸಲಾಗಿತ್ತು. ಮಹಾಮಂಟಪ, ಗೋಪುರ, ಮಕರತೋರಣಗಳ ಜೊತೆಗೆ ಮಾನಸ್ತಂಭವೂ ಆ ಯೋಜನೆಯಲ್ಲಿ ಸೇರಿತ್ತು.

ಮಲ್ಲಿಸೆಟ್ಟಿಯ ವ್ಯವಹಾರಜ್ಞಾನವನ್ನು ಇಲ್ಲಿ ಮೆಚ್ಚಲೇಬೇಕು. ರೊಕ್ಕವನ್ನು ಒಮ್ಮೆಗೇ ಎಣಿಸಿಕೊಟ್ಟಿದ್ದರೆ ಅದು ಒಮ್ಮೆಗೇ ತೀರಿಹೋಗುತ್ತಿತ್ತು. ಮರಗಳನ್ನು ಕೊಟ್ಟದ್ದರಿಂದ ಅಸಲು ಹಾಗೆಯೇ ಉಳಿದು ವರ್ಷವರ್ಷವೂ ಫಲ ಬರುವಂತಾಯಿತು. ಕಟ್ಟಡದ ಕೆಲಸ ಎಷ್ಟು ವರ್ಷ ಹಿಡಿದರೂ ಕಲ್ಲುಕುಟಿಕರ ಕೂಲಿ ನಿಲ್ಲದ ಏರ್ಪಾಡದು. ಶ್ರವಣಬೆಳಗೊಳದ 13ನೆಯ ಶತಮಾನದ ಶಾಸನಗಳಲ್ಲಿಯೂ ಭಕ್ತರು ಗದ್ಯಾಣಗಳನ್ನು ಠೇವಣಿಯಾಗಿಟ್ಟು, ಅದರ ಬಡ್ಡಿಯಿಂದ ಗೊಮ್ಮಟಸ್ವಾಮಿಯ ಅಭಿಷೇಕಕ್ಕೆ ಹಾಲು ಸಲ್ಲುವಂತೆ ಮಾಡಿದ ಉಲ್ಲೇಖಗಳಿವೆ. ಶಿಲೆಯನ್ನು ನಿಲ್ಲಿಸುವುದು ಒಂದು ದಿನದ ಉತ್ಸವ, ಅದನ್ನು ನಡೆಸಿಕೊಂಡು ಹೋಗುವುದು ತಲೆಮಾರುಗಳ ಲೆಕ್ಕ ಎಂಬ ತಿಳಿವಳಿಕೆ ಹಿಂದಿನ ವರ್ತಕರಿಗೆ ಚೆನ್ನಾಗಿತ್ತು.

ಮಾನವನ್ನು ಕಳೆಯುವ ಕಂಬ

ತೀರ್ಥಂಕರರ ಸಮವಸರಣದ ನಾಲ್ಕು ದಿಕ್ಕಿನ ದ್ವಾರಗಳಲ್ಲಿಯೂ ಮಾನಸ್ತಂಭಗಳಿರುತ್ತವೆಂದು ಪುರಾಣಗಳು ವರ್ಣಿಸುತ್ತವೆ. ಭಗವಾನ್ ಮಹಾವೀರರನ್ನು ವಾದದಲ್ಲಿ ಜಯಿಸಬೇಕೆಂದು ಹೊರಟ ಇಂದ್ರಭೂತಿ ಗೌತಮನು ಮಾನಸ್ತಂಭವನ್ನು ಕಂಡ ಕೂಡಲೆ ಮಾನಕಷಾಯವನ್ನು ಕಳೆದುಕೊಂಡು, ಕಡೆಗೆ ಅವರ ಪ್ರಥಮ ಗಣಧರನಾದ ಪ್ರಸಂಗ ಶ್ರಾವಕರೆಲ್ಲರಿಗೂ ವಿದಿತವಾದುದೇ. ಗೌತಮನು ಆಗ ಭಕ್ತನಾಗಿ ಬಂದವನಲ್ಲ, ಎದುರಾಳಿಯಾಗಿ ಬಂದವನು. ಹೊರಗಿನವನನ್ನು ಮೊದಲು ಎದುರುಗೊಳ್ಳುವುದೇ ಮಾನಸ್ತಂಭದ ಕಾರ್ಯವೆಂಬುದು ಇದರಿಂದ ಸ್ಪಷ್ಟ. ಅದನ್ನು ಪ್ರಾಕಾರದ ಒಳಗೆ ಮರೆಮಾಡುವುದು ಅದರ ಉದ್ದೇಶಕ್ಕೇ ವಿರುದ್ಧ.

ಕನ್ನಡ ನಾಡಿನ ಬಸದಿಗಳ ಮುಂದೆ ಎರಡು ಬಗೆಯ ಕಂಬಗಳನ್ನು ಕಾಣಬಹುದು. ತುದಿಯ ಮಂಟಪದಲ್ಲಿ ನಾಲ್ಕು ದಿಕ್ಕಿಗೆ ಮುಖಮಾಡಿದ ಜಿನಬಿಂಬಗಳಿದ್ದರೆ ಅದು ಮಾನಸ್ತಂಭ. ಬ್ರಹ್ಮಯಕ್ಷನ ಮೂರ್ತಿಯಿದ್ದರೆ ಅದು ಬ್ರಹ್ಮದೇವರ ಕಂಬ. ಕಾರ್ಕಳದ ಹಿರಿಯಂಗಡಿಯ ಮಾನಸ್ತಂಭವು ಐವತ್ತು ಅಡಿಗೂ ಮೀರಿದ ಎತ್ತರದಿಂದ ನೋಡುವವರನ್ನು ಬೆರಗುಗೊಳಿಸುತ್ತದೆ. ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಮುಂದಿರುವ ಮಾನಸ್ತಂಭವೂ ಅಷ್ಟೇ ಪ್ರಸಿದ್ಧ.

ಇಂಥ ಕಂಬಕ್ಕೆ ಕಲ್ಲನ್ನು ಆಯುವುದೇ ಶಿಲ್ಪಿಯ ಮೊದಲ ಪರೀಕ್ಷೆ. ಹೊಯ್ಸಳರ ಸೂಕ್ಷ್ಮ ಕೆತ್ತನೆಗೆ ಒದಗಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಆದರೆ ಬಯಲಿನಲ್ಲಿ ನಿಲ್ಲಬೇಕಾದ ಉನ್ನತ ಸ್ತಂಭಕ್ಕೆ ಗ್ರಾನೈಟ್ ಎಂದು ಕರೆಯುವ ಕಣಶಿಲೆಯೇ ತಕ್ಕುದು. ಸುತ್ತಿಗೆಯಿಂದ ಬಡಿದಾಗ ಘಂಟೆಯಂತೆ ನಾದಗೊಡುವ ಕಲ್ಲನ್ನು ಶಿಲ್ಪಿಗಳು ಆರಿಸಿಕೊಳ್ಳುತ್ತಾರೆ. ಒಡಕು ಮಡಕೆಯಂತೆ ದನಿಗೊಡುವ ಕಲ್ಲಿನೊಳಗೆ ಕಣ್ಣಿಗೆ ಕಾಣದ ಬಿರುಕು ಇರುವುದು ಸಂಭವ. ಸಾಲಾಗಿ ಕುಳಿಗಳನ್ನು ಹೊಡೆದು, ಬೆಣೆಗಳನ್ನಿಟ್ಟು, ಎಳೆಯ ಜಾಡನ್ನು ಹಿಡಿದು ಬಂಡೆಯನ್ನು ಸೀಳುತ್ತಾರೆ. ಈ ಬೆಣೆಯ ಕುಳಿಗಳ ಸಾಲುಗಳು ಹಳೆಯ ಕೋಟೆ ಬಸದಿಗಳ ಬಳಿಯ ಬಂಡೆಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಬಿಂಬವೊಂದು ಭಗ್ನವಾದರೆ ಪೂಜೆಗೆ ಬಾರದು. ಆದ್ದರಿಂದ ಕಡೆಯ ಚಾಣದ ಪೆಟ್ಟಿನವರೆಗೂ ಶಿಲ್ಪಿಯ ಅನೇಕ ತಿಂಗಳ ದುಡಿಮೆ ಒಂದೇ ತಪ್ಪಿನ ಅಂಚಿನಲ್ಲಿರುತ್ತದೆ.

ಗೊಮ್ಮಟನ ಸುತ್ತ ಕೂಡಿದ ಕೈಗಳು

ಬಯಲಿನ ಶಿಲ್ಪಗಳಲ್ಲಿ ಶಿಖರಪ್ರಾಯವಾದುದು ಶ್ರವಣಬೆಳಗೊಳದ 58 ಅಡಿಯ ಗೊಮ್ಮಟೇಶ್ವರ. ಗಂಗರ ಮಂತ್ರಿಯೂ ಸೇನಾನಿಯೂ ಆಗಿದ್ದ ಚಾವುಂಡರಾಯನು ಇದನ್ನು ಮಾಡಿಸಿದ ಕಾಲ ಸುಮಾರು 981 ಎಂದು ಗಣಿಸಲಾಗಿದೆ. ಬೆಟ್ಟದ ನೆತ್ತಿಯ ಬಂಡೆಯನ್ನೇ ಇದ್ದಲ್ಲಿಯೇ ಕಡೆದು ಮೂಡಿಸಿದ ಮೂರ್ತಿಯಿದು. ಔನ್ನತ್ಯ, ಸೌಂದರ್ಯ, ಅತಿಶಯ ಇವು ಮೂರೂ ಒಂದೆಡೆ ಕೂಡುವುದು ದುರ್ಲಭವೆಂದೂ, ಅವು ಇಲ್ಲಿ ಕೂಡಿವೆಯೆಂದೂ ಬೊಪ್ಪಣ ಪಂಡಿತನು ಸುಮಾರು 1180ರ ಶಾಸನದಲ್ಲಿ ಕೊಂಡಾಡಿದ್ದಾನೆ.

ಆದರೆ ಇಂದು ಕಾಣುವ ಕ್ಷೇತ್ರವು ಚಾವುಂಡರಾಯನೊಬ್ಬನ ಕೃತಿಯಲ್ಲ. ಸುತ್ತಾಲಯವನ್ನು ಮಾಡಿಸಿದವನು ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜ. ಸುತ್ತಾಲಯದ ಭಿತ್ತಿಯನ್ನೂ ಚತುರ್ವಿಂಶತಿ ತೀರ್ಥಂಕರರ ಬಿಂಬಗಳನ್ನೂ ಮಾಡಿಸಿದವನು ವರ್ತಕನಾದ ಬಸವಿಸೆಟ್ಟಿ. ಅವನ ಮಕ್ಕಳು ಜಾಲಂದರಗಳನ್ನು ಮಾಡಿಸಿಕೊಟ್ಟರು. ತಂದೆ ಗೋಡೆಯನ್ನು ಕಟ್ಟಿಸಿದರೆ ಮಕ್ಕಳು ಅದಕ್ಕೆ ಬೆಳಕಿನ ದಾರಿಯನ್ನು ಮಾಡಿಸಿದರು. ಇದೆಲ್ಲಕ್ಕಿಂತ ಮಿಗಿಲಾಗಿ, ಗೊಮ್ಮಟನಿಗೆ ಎದುರಾಗಿ ಗುಳ್ಳಕಾಯಜ್ಜಿಯ ಪ್ರತಿಮೆ ನಿಂತಿದೆ. ಚಾವುಂಡರಾಯನ ಕೊಡಗಟ್ಟಲೆ ಹಾಲು ಸ್ವಾಮಿಯ ಪಾದವನ್ನು ಮುಟ್ಟದಿದ್ದಾಗ ಬಡ ಅಜ್ಜಿಯೊಬ್ಬಳ ಗುಳ್ಳಕಾಯಿಯಷ್ಟು ಹಾಲು ಮೂರ್ತಿಯನ್ನೆಲ್ಲ ತೋಯಿಸಿತೆಂಬುದು ಐತಿಹ್ಯ. ಕಥೆಯ ಸತ್ಯಾಸತ್ಯ ಹೇಗೇ ಇರಲಿ, ಮಾಡಿಸಿದವನ ಮಾನವನ್ನು ಇಳಿಸಿದ ಅಜ್ಜಿಯನ್ನು ಕಲ್ಲಿನಲ್ಲಿ ಕಡೆದು ಸ್ವಾಮಿಯ ಎದುರಿಗೇ ನಿಲ್ಲಿಸಿದ ಸಮಾಜದ ವಿವೇಕ ದೊಡ್ಡದು.

ಕಾರ್ಕಳದಲ್ಲಿ ವೀರಪಾಂಡ್ಯ ಭೈರರಸನು ಲಲಿತಕೀರ್ತಿ ಭಟ್ಟಾರಕರ ಉಪದೇಶದಂತೆ 1432ರಲ್ಲಿ ಬಾಹುಬಲಿಯನ್ನು ಪ್ರತಿಷ್ಠಾಪಿಸಿ, 1436ರಲ್ಲಿ ಮುಂದೆ ಬ್ರಹ್ಮದೇವರ ಕಂಬವನ್ನು ನಿಲ್ಲಿಸಿದನು. ವೇಣೂರಿನಲ್ಲಿ ತಿಮ್ಮರಾಜ ಅಜಿಲನು 1604ರಲ್ಲಿ 35 ಅಡಿಯ ಮೂರ್ತಿಯನ್ನು ಸ್ಥಾಪಿಸಿದನು. ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಶ್ರೀ ರತ್ನವರ್ಮ ಹೆಗ್ಗಡೆಯವರ ಸಂಕಲ್ಪದಂತೆ ಕಾರ್ಕಳದಲ್ಲಿ ಕಡೆದವರು ರೆಂಜಾಳ ಗೋಪಾಲಕೃಷ್ಣ ಶೆಣೈಯವರು. ಎಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ಕೈಗೊಂಡ ಆ ಕೆಲಸವನ್ನು ಅವರು ಮುಗಿಸಿಕೊಟ್ಟರು. ನೂರೈವತ್ತು ಟನ್ನಿಗೂ ಮೀರಿದ ಆ ಶಿಲೆಯನ್ನು 1973ರಲ್ಲಿ ಅನೇಕ ಚಕ್ರಗಳ ಭಾರೀ ಟ್ರಾಲಿಯ ಮೇಲೆ ಧರ್ಮಸ್ಥಳಕ್ಕೆ ಸಾಗಿಸಲಾಯಿತು. ದಾರಿಯ ಊರುಗಳ ಜನರು ಜಾತಿಮತಗಳ ಭೇದವಿಲ್ಲದೆ ನೆರೆದು ಅದನ್ನು ಬೀಳ್ಕೊಟ್ಟರು. ಶ್ರೀ ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ 1982ರಲ್ಲಿ ಪ್ರತಿಷ್ಠೆ ನೆರವೇರಿತು. ಶೆಣೈಯವರು ಜೈನ ಕುಲದಲ್ಲಿ ಹುಟ್ಟಿದವರಲ್ಲ. ಆದರೂ ವೈರಾಗ್ಯಮೂರ್ತಿಯ ಮುಖದ ಮಂದಸ್ಮಿತವನ್ನು ಅವರ ಕೈ ಅರಿತಿತ್ತು.

ರೂವಾರಿಯ ಹೆಸರು

ಹಳಗನ್ನಡದಲ್ಲಿ ಶಿಲ್ಪಿಗೆ ‘ರೂವಾರಿ’ ಎಂಬ ಸುಂದರವಾದ ಹೆಸರಿದೆ. ಶ್ರವಣಬೆಳಗೊಳದ 12ನೆಯ ಶತಮಾನದ ಶಾಸನಗಳನ್ನು ಕಂಡರಿಸಿದ ಗಂಗಾಚಾರಿಗೆ ‘ರೂವಾರಿಮುಖತಿಲಕ’ನೆಂಬ ಬಿರುದಿತ್ತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ, ಸೋಮನಾಥಪುರದಲ್ಲಿ ಮಲ್ಲಿತಮ್ಮನೂ ತಮ್ಮ ಹೆಸರುಗಳನ್ನು ಮೂರ್ತಿಗಳ ಪೀಠದಲ್ಲಿ ಬಿಟ್ಟುಹೋಗಿದ್ದಾರೆ. ಆದರೆ ಮಹಾಮೂರ್ತಿಯಾದ ಗೊಮ್ಮಟನ ಪಾದದ ಬಳಿ ಮಾಡಿಸಿದವನ ಹೆಸರು ಇದೆಯಲ್ಲದೆ ಮಾಡಿದವನ ಹೆಸರಿಲ್ಲ. ಅರಿಷ್ಟನೇಮಿಯೆಂಬ ಹೆಸರು ಜನಜನಿತವಾಗಿದ್ದರೂ ಪಾದದ ಬಳಿಯ ಬರಹ ಅದನ್ನು ಹೇಳುವುದಿಲ್ಲ. ಸಾವಿರ ವರ್ಷಗಳಲ್ಲಿ ಕೋಟಿ ಜನರು ಕೈಮುಗಿದ ಮೂರ್ತಿಯ ಶಿಲ್ಪಿಯು ಹೆಸರಿಲ್ಲದೆ ಉಳಿದುದು ನಾಡಿನ ನಷ್ಟವೇ ಸರಿ. ಚಪಡನಿಗೆ ದೊರೆತ ಭಾಗ್ಯ ಇಂದಿನ ಶಿಲ್ಪಿಗೂ ದೊರೆಯಬೇಕು. ದಾನಿಗಳ ನಾಮಫಲಕದಲ್ಲಿ ಎಷ್ಟು ಸಾಲುಗಳಿದ್ದರೂ ರೂವಾರಿಗೆ ಒಂದು ಸಾಲು ಮೀಸಲಾಗಿರುವುದು ಧರ್ಮ. ಹೆಸರಿನಂತೆ ಕೂಲಿಯೂ ಮುಖ್ಯ. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಕೆರೆಗಳನ್ನು ಕಟ್ಟಿಸಿದ ಪುಣ್ಯಪುರುಷರು. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ನುಡಿಯನ್ನು ಈ ಸೀಮೆಯ ಮಕ್ಕಳೂ ಬಲ್ಲರು. ದುಡಿದವನಿಗೆ ದುಡಿದಷ್ಟು ಸಲ್ಲಬೇಕೆಂಬ ನ್ಯಾಯಕ್ಕೆ ಮತಭೇದವಿಲ್ಲ.

ಶಿಲೆ ಉಳಿಯುವ ಬಗೆ

ಬಯಲುಸೀಮೆಯಲ್ಲಿ ಜೈನರ ಮನೆಗಳು ವಿರಳವಾದ ಊರುಗಳು ಅನೇಕ. ವ್ಯಾಪಾರದ ದಾರಿ ಬದಲಾದಾಗ, ಬರಗಾಲ ಬಂದಾಗ ಮನೆಗಳು ಬೇರೆಡೆಗೆ ಹೋದವು, ಬಸದಿಗಳು ಬರಿದಾದವು. ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ತಲೆಯಿಲ್ಲದ ಜಿನಬಿಂಬಗಳು ಬಿದ್ದಿರುವುದನ್ನು ನಾಡಿನ ಎಷ್ಟೋ ಕಡೆ ಕಾಣಬಹುದು. ಕೆಲವೆಡೆ ಊರವರು ಅವಕ್ಕೆ ಬೇರೆ ಹೆಸರಿಟ್ಟು ಎಣ್ಣೆ ಹಚ್ಚಿ ಪೂಜಿಸುತ್ತಾರೆ. ಅಂಥ ಬಿಂಬಗಳು ಉಳಿದಿವೆ. ಯಾರದೂ ಅಲ್ಲವೆನಿಸಿಕೊಂಡವು ಒಡೆದುಹೋಗಿವೆ. ಬ್ರಹ್ಮಗಿರಿಯ ಬಂಡೆ ಎರಡು ಸಾವಿರ ವರ್ಷ ಬಾಳಿದುದು ಮೌರ್ಯರ ಕಾವಲಿನಿಂದಲ್ಲ. ಅವರ ಸಾಮ್ರಾಜ್ಯ ಅಳಿದು ಹೋದ ಮೇಲೂ ಊರವರು ಅದನ್ನು ತಮ್ಮ ಅಕ್ಷರಗುಂಡೆಂದು ಭಾವಿಸಿದ್ದರಿಂದ.

ಆದಕಾರಣ ಬಸದಿಯ ಮುಂದೆ ಶಿಲೆಯನ್ನು ನಿಲ್ಲಿಸುವ ಸಮಾಜವು ಪ್ರತಿಷ್ಠೆಯ ದಿನವೇ ನಾಲ್ಕು ಸಂಗತಿಗಳನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಮಾನಸ್ತಂಭವು ದಾರಿಹೋಕರಿಗೆ ಕಾಣುವಂತೆ ತೆರೆದ ಅಂಗಳದಲ್ಲಿರಲಿ. ಅದರ ಅರ್ಥವನ್ನು ತಿಳಿಗನ್ನಡದಲ್ಲಿ ಬರೆದ ಒಂದು ಕಲ್ಲು ಬಳಿಯಲ್ಲಿರಲಿ. ಮಲ್ಲಿಸೆಟ್ಟಿಯ ಅಡಕೆ ಮರಗಳಂತೆ, ಅಸಲು ಕರಗದೆ ವರ್ಷವರ್ಷವೂ ಫಲ ಕೊಡುವ ಒಂದು ನಿಧಿ ಅದರ ರಕ್ಷಣೆಗೆ ಮೀಸಲಾಗಲಿ. ಶಿಲ್ಪಿಯ ಹೆಸರು, ಊರು, ಸಂವತ್ಸರಗಳು ಪೀಠದಲ್ಲಿ ಕೊರೆಯಲ್ಪಡಲಿ. ಊರಿನ ಸಮಸ್ತರನ್ನೂ ಪ್ರತಿಷ್ಠೆಗೆ ಕರೆದು, ಗುಳ್ಳಕಾಯಜ್ಜಿಯ ಹಾಲಿಗೂ ಅಲ್ಲಿ ಸ್ಥಳವಿರುವಂತೆ ನೋಡಿಕೊಂಡರೆ, ಮುಂದೊಂದು ಕಾಲಕ್ಕೆ ಜೈನರ ಮನೆಗಳು ಎಷ್ಟೇ ಉಳಿದಿರಲಿ, ಆ ಕಂಬವನ್ನು ಕಾಯುವ ಕೈಗಳಿಗೆ ಕೊರತೆಯಾಗದು.

ಮಾನಸ್ತಂಭವನ್ನು ನಿಲ್ಲಿಸುವವರ ಮಾನವೇ ಮೊದಲು ಇಳಿಯಲಿ ಎಂಬುದು ಪೂರ್ವಿಕರ ಆಶಯ. ಇಳಿದ ಮಾನದ ಜಾಗದಲ್ಲಿ ಊರಿನ ಪ್ರೀತಿ ನೆಲೆಗೊಳ್ಳಲಿ, ಅಹಿಂಸಾಧರ್ಮವು ಸರ್ವರ ಹೃದಯಗಳಲ್ಲಿ ಬೆಳಗಲಿ.

ವರ್ಧತಾಂ ಜಿನಶಾಸನಂ.